ಮಕ್ಕಳ ಓದು: ಅರ್ಥಶಾಸ್ತ್ರದಲ್ಲಿ ಗಣಿತವೆಷ್ಟು?

ಮಕ್ಕಳು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ನಮ್ಮ ಸಂಘದ ಅನೇಕ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಗಣಿತ ಇವಳಿಗೆ ಒಗ್ಗದು, ಕಾಮರ್ಸ್ ಕೊಡಿಸಿ, ಮುಂದೆ ಅರ್ಥಶಾಸ್ತ್ರ ಓದಿಸೋಣ.” ಹೀಗೆನ್ನುವ ತಂದೆತಾಯಂದಿರನ್ನು ನಾವು ದೂರುವುದಿಲ್ಲ. ಅವರಲ್ಲಿ ಬಹುಮಂದಿ ಊರಿನ ಕಾಲೇಜಿನಲ್ಲಿ ಓದಿದ ಅರ್ಥಶಾಸ್ತ್ರ ಪ್ರಬಂಧ ಬರೆಯುವ ವಿಷಯವೇ ಆಗಿದ್ದಿತು. ಇಂದಿಗೂ ಗಣಿತವಿಲ್ಲದೆ ಬಿ.ಎ. ಅರ್ಥಶಾಸ್ತ್ರಕ್ಕೆ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳು ಉಂಟು. ಆದರೆ ದೆಹಲಿ ವಿಶ್ವವಿದ್ಯಾಲಯದ ಮಾತು ಬೇರೆ. ಅಲ್ಲಿ 2022 ರಿಂದ ಪ್ರವೇಶವೆಲ್ಲ ಸಿ.ಯು.ಇ.ಟಿ. ಪರೀಕ್ಷೆಯ ಮೂಲಕ, ಅರ್ಥಶಾಸ್ತ್ರದ ಆನರ್ಸ್ ಬೇಕೆನ್ನುವವರು ಅದರಲ್ಲಿ ಗಣಿತವನ್ನು ಬರೆಯಲೇಬೇಕು. ಹದಿನೈದನೆಯ ವಯಸ್ಸಿನಲ್ಲಿ ಗಣಿತ ಬಿಟ್ಟ ಹುಡುಗಿಗೆ ಹದಿನೇಳರಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಉಳಿದ ವಿಷಯಗಳಲ್ಲಿ ತೊಂಬತ್ತೈದು ಅಂಕ ಬಂದರೂ ಅದು ತೆರೆಯದು.

ಸಿ.ಬಿ.ಎಸ್.ಇ. ಶಾಲೆಗಳಲ್ಲಿ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ಎಂಬ, ವ್ಯವಹಾರಕ್ಕೆ ಹತ್ತಿರವಾದ ಗಣಿತವೊಂದಿದೆ. ಕರ್ನಾಟಕದಲ್ಲಿ ಅಜ್ಜಿಯ ಮನೆಯಲ್ಲಿದ್ದು ಪಿ.ಯು.ಸಿ. ಓದುವ ಮಕ್ಕಳಿಗೆ ಕಾಮರ್ಸ್ ಜೊತೆಯಲ್ಲಿ ಬೇಸಿಕ್ ಮ್ಯಾಥ್ಸ್ ಸಿಗುತ್ತದೆ. ಸೇರಬೇಕೆಂದಿರುವ ವಿಶ್ವವಿದ್ಯಾಲಯ ಇವನ್ನು ಒಪ್ಪುತ್ತದೆಯೇ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿಯೇ ನಿರ್ಧರಿಸತಕ್ಕದ್ದು. ನೆರೆಮನೆಯವರ ಮಾತಿನ ಮೇಲಲ್ಲ.

ಹಾಗಾದರೆ ಈ ಗಣಿತ ಎಂಥದು? ತಿಂಗಳ ಸಂಬಳ ಇಷ್ಟೇ ಎಂದು ಗೊತ್ತಿರುವ ಗೃಹಿಣಿಯನ್ನು ನೆನೆಯಿರಿ. ಅಕ್ಕಿ, ಹಾಲು, ಮಕ್ಕಳ ಪುಸ್ತಕ, ಒಂದು ಸಿನಿಮಾ ಇವುಗಳಿಗೆ ಹಣ ಹಂಚಬೇಕು. ಹಾಲಿಗೆ ಹಾಕಿದ ಕೊನೆಯ ರೂಪಾಯಿಗಿಂತ ಪುಸ್ತಕಕ್ಕೆ ಹಾಕಿದ ಕೊನೆಯ ರೂಪಾಯಿ ಹೆಚ್ಚು ತೃಪ್ತಿ ಕೊಡುವುದಾದರೆ ಆಕೆ ಒಂದು ರೂಪಾಯನ್ನು ಅತ್ತ ಸರಿಸುತ್ತಾಳೆ. ಎಲ್ಲೆಡೆಯೂ ಕೊನೆಯ ರೂಪಾಯಿಯ ಫಲ ಸಮವಾದಾಗ ಹಂಚಿಕೆ ಸರಿಯಾಯಿತು. ಇದನ್ನೇ ಕಾಲೇಜಿನಲ್ಲಿ ಲಗ್ರಾಂಜ್ ವಿಧಾನವೆಂದು ಕಲನಶಾಸ್ತ್ರದ ಮೂಲಕ ಕಲಿಸುತ್ತಾರೆ. ಅಲ್ಲಿ ಬರುವ ಲ್ಯಾಮ್ಡಾ ಎಂಬ ಅಕ್ಷರ, ಸಂಬಳ ಒಂದು ರೂಪಾಯಿ ಹೆಚ್ಚಿದರೆ ತೃಪ್ತಿ ಎಷ್ಟು ಹೆಚ್ಚೀತು ಎಂಬುದರ ಲೆಕ್ಕ. ವಿಚಾರ ಹಳೆಯದು, ಬರವಣಿಗೆ ಮಾತ್ರ ಹೊಸದು. ಆ ಬರವಣಿಗೆಗೆ ಕೈ ಪಳಗಲು ಆರು ತಿಂಗಳಾದರೂ ಬೇಕು.

ಮುಂದೆ ಐಚ್ಛಿಕ ಪತ್ರಿಕೆಗಳನ್ನು ಆರಿಸುವಾಗ ಹೆಸರನ್ನು ನಂಬಬಾರದು. ‘ಗೇಮ್ ಥಿಯರಿ’ ಎಂದರೆ ಆಟವೆಂದು ತಿಳಿದು ಹೋದವರುಂಟು. ಅಲ್ಲಿ ಎಣಿಕೆ ಕಡಿಮೆ, ತರ್ಕ ಬಲು ಬಿಗಿ. ‘ಎಕನಾಮೆಟ್ರಿಕ್ಸ್’ ಹೆಸರೇ ಹೆದರಿಸುತ್ತದೆ, ಆದರೆ ಮೊದಲ ಹಂತದಲ್ಲಿ ಸಂಖ್ಯಾಶಾಸ್ತ್ರ ಚೆನ್ನಾಗಿ ಬಂದವರಿಗೆ ಅದು ಒಲಿಯುತ್ತದೆ. ಆರ್ಥಿಕ ಇತಿಹಾಸದಲ್ಲಿ ಸಮೀಕರಣಗಳು ಅಪರೂಪ. ಬದಲಿಗೆ ರಾಶಿ ಓದು, ರಾಶಿ ಬರವಣಿಗೆ. ಗಣಿತಕ್ಕೆ ಹೆದರಿ ಅಲ್ಲಿಗೆ ಓಡಿದ ಹುಡುಗ, ಬರೆಯುವುದರಲ್ಲಿಯೂ ಸೋಮಾರಿಯಾದರೆ, ಎರಡೂ ಕಡೆ ಸಲ್ಲದವನಾಗುತ್ತಾನೆ.

ಹೆಸರಿಗಿಂತ ಪಠ್ಯಪುಸ್ತಕದ ಪಟ್ಟಿ ಹೆಚ್ಚು ನಿಜ ಹೇಳುತ್ತದೆ. ಹಾಲ್ ವೇರಿಯನ್ ಎಂಬ ಒಬ್ಬರೇ ಲೇಖಕರ ಎರಡು ಪುಸ್ತಕಗಳಿವೆ. ‘ಇಂಟರ್‌ಮೀಡಿಯೆಟ್ ಮೈಕ್ರೊಎಕನಾಮಿಕ್ಸ್’ನಲ್ಲಿ ಕಲನಶಾಸ್ತ್ರವನ್ನು ಬಹುಮಟ್ಟಿಗೆ ಅಧ್ಯಾಯಗಳ ಕೊನೆಯ ಅನುಬಂಧಕ್ಕೆ ಇಟ್ಟಿದ್ದಾರೆ, ‘ಮೈಕ್ರೊಎಕನಾಮಿಕ್ ಅನಾಲಿಸಿಸ್’ನಲ್ಲಿ ಮೊದಲಿನಿಂದಲೇ ಅದರದೇ ಆಳ್ವಿಕೆ. ಪಟ್ಟಿಯಲ್ಲಿ ಯಾವುದಿದೆ ಎಂದು ನೋಡಿದರೆ ಅರ್ಧ ತೀರ್ಪು ಆದಂತೆಯೇ. (ಗಣಿತವನ್ನು ಅನುಬಂಧಕ್ಕೆ ಸರಿಸುವ ಈ ಮರ್ಯಾದೆ ಹಳೆಯದು. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೆಯವರಾಗಿ ಬಂದಿದ್ದ ಮಾರ್ಷಲ್ ಮಹಾಶಯರೂ 1890 ರ ತಮ್ಮ ಗ್ರಂಥದಲ್ಲಿ ಹಾಗೆಯೇ ಮಾಡಿದ್ದರು.)

ಎಂ.ಎ. ಓದುವ ಆಸೆಯಿರುವವರಿಗೆ ಇನ್ನೊಂದು ಮಾತು. 1949 ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಸ್ಥಾಪಿಸಿದವರು, ಮುಂದೆ 1967 ರಲ್ಲಿ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದ ವಿ.ಕೆ.ಆರ್.ವಿ. ರಾವ್. ಅಂಥ ಸಂಸ್ಥೆಯಲ್ಲಿ ಕಲಿಯಲು ಕಲನಶಾಸ್ತ್ರ, ಮಾತೃಕೆ, ಸಂಭವನೀಯತೆ ಮೂರೂ ಬೇಕು. ಮೂರು ವರ್ಷವೂ ಅಂಕ ಸುಲಭವಾಗಿ ಬರುವ ಪತ್ರಿಕೆಗಳನ್ನೇ ಆರಿಸಿದವರು ಅಲ್ಲಿ ತತ್ತರಿಸುತ್ತಾರೆ. ಅಂಕಪಟ್ಟಿ ಹೊಳೆಯುತ್ತಿರುತ್ತದೆ, ಕೈ ಬರಿದಾಗಿರುತ್ತದೆ.

ಆದುದರಿಂದ, ಅರ್ಜಿ ತುಂಬುವ ಮೊದಲಿನ ಒಂದು ಭಾನುವಾರ, ಬೇಕೆನಿಸಿದ ಪತ್ರಿಕೆಯ ಹಿಂದಿನ ಮೂರು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ತರಿಸಿ ಮಗಳ ಮುಂದೆ ಇಡಿರಿ. ಉತ್ತರ ಬರೆಯಬೇಕಾಗಿಲ್ಲ. ಯಾವ ಪ್ರಶ್ನೆ ಬರೀ ಲೆಕ್ಕ, ಯಾವುದು ‘ಸಾಧಿಸಿರಿ’ ಎನ್ನುತ್ತದೆ, ಯಾವುದು ‘ಚರ್ಚಿಸಿರಿ’ ಎನ್ನುತ್ತದೆ ಎಂದು ಅವಳೇ ಗುರುತು ಹಾಕಲಿ. ಲೆಕ್ಕ ಮಾಡಬಲ್ಲವರಿಗೆಲ್ಲ ಸಾಧನೆ ಒಗ್ಗುವುದಿಲ್ಲ. ಲೆಕ್ಕದಲ್ಲಿ ತಡವರಿಸುವ ಕೆಲವರು ಸಾಧನೆಯಲ್ಲಿ ಹುಲಿಗಳಾಗಿರುವುದೂ ಉಂಟು.