ಮೂರು ವರ್ಷ ತುಂಬದ ಕಾಫಿಗೆ ಕಳೆನಾಶಕ ಬೇಡ

ಕಳೆನಾಶಕದ ಬಗ್ಗೆ ನಮ್ಮಲ್ಲಿ ನಡೆಯುತ್ತಿರುವ ಜಗಳಕ್ಕೆ ಎರಡೇ ಕಕ್ಷಿಗಳು. ಒಂದು ಕಕ್ಷಿ ಕ್ಯಾನ್ಸರ್ ಎನ್ನುತ್ತದೆ, ಇನ್ನೊಂದು ಕೂಲಿ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಅನುಮತಿ ನವೀಕರಿಸಿತು. ನಮ್ಮ ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ, ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರಲ್ಲದೆ ಬೇರೆ ಯಾರೂ ಗ್ಲೈಫೋಸೇಟ್ ಸಿಂಪಡಿಸಬಾರದೆಂದು ಆದೇಶ ಹೊರಡಿಸಿತು. ಉದ್ಯಮದವರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. ಇಷ್ಟೆಲ್ಲ ವಾದ ನಡೆದರೂ, ಔಷಧಿ ಹೊಡೆಯುವ ಜಾಗದಲ್ಲೇ ನಿಂತಿರುವ ಕಾಫಿ ಸಸಿಗೆ ಏನಾಗುತ್ತದೆ ಎಂಬ ಪ್ರಶ್ನೆ ಬದಿಗೇ ಉಳಿದಿದೆ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರನಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಪ್ರಶ್ನೆ ಅದು. ಅದಕ್ಕೆ ಸಿಗುವ ಉತ್ತರವೂ ಸ್ಪಷ್ಟವಾಗಿದೆ: ಗಿಡಕ್ಕೆ ಮೂರು ವರ್ಷ ತುಂಬುವವರೆಗೆ ಆ ತಾಕಿಗೆ ಕಳೆನಾಶಕ ಕಾಲಿಡಬಾರದು. ಇದನ್ನು ಹೇಳಲು ಕ್ಯಾನ್ಸರ್‌ನ ತೀರ್ಪಿಗಾಗಿ ಕಾಯಬೇಕಾಗಿಲ್ಲ. ಬೆಳೆಗಾರನ ಸ್ವಂತ ಲಾಭನಷ್ಟದ ಲೆಕ್ಕವೇ ಸಾಕು.

ಈ ಮಾತನ್ನು ಈಗಲೇ ಆಡಬೇಕಾದದ್ದಕ್ಕೆ ಕಾರಣವಿದೆ. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಇಂಥ ಬೆಲೆ ಕಂಡ ಬೆಳೆಗಾರ ಮುದಿ ಗಿಡ ಕಿತ್ತು ಹೊಸದು ನೆಡುತ್ತಾನೆ, ಸತ್ತ ಗಿಡದ ಜಾಗಕ್ಕೆಲ್ಲ ಸಸಿ ಇಡುತ್ತಾನೆ. ಜೂನ್ ಮಳೆಗೆ ನೆಟ್ಟ ಸಸಿ ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಕಳೆ ಸೊಂಟದೆತ್ತರಕ್ಕೆ ಬಂದಿರುತ್ತದೆ. ಹೊಸ ತಾಕಿನಲ್ಲಿ ನೆರಳು ಕಡಿಮೆ, ನೆಲಕ್ಕೆ ಬೀಳುವ ಬಿಸಿಲು ಜಾಸ್ತಿ, ಆದ್ದರಿಂದ ಕಳೆಯೂ ಜಾಸ್ತಿ. ಕಳೆನಾಶಕ ಹೊಡೆಯುವ ಆಸೆ ಹುಟ್ಟುವುದು ಇಂಥಲ್ಲೇ, ಅದು ಅತಿ ಹೆಚ್ಚು ಕೇಡು ಮಾಡುವುದೂ ಇಂಥಲ್ಲೇ. ಹಳೆ ತೋಟದ ನಡುನಡುವೆ ಇಟ್ಟ ಸಸಿಗಳ ಪಾಡು ಇನ್ನೂ ಕಷ್ಟ. ಔಷಧಿ ಹೊಡೆಯುವವನ ಕಣ್ಣಿಗೆ ದೊಡ್ಡ ಗಿಡ ಕಾಣುತ್ತದೆ. ಹುಲ್ಲಿನೊಳಗೆ ಮುಳುಗಿದ ಸಸಿ ಕಾಣುವುದಿಲ್ಲ.

ಬಲಿತ ಗಿಡ ತಾಳಿಕೊಳ್ಳುವುದನ್ನು ಎಳೆ ಗಿಡ ಏಕೆ ತಾಳದು? 1974ರಲ್ಲಿ ರೌಂಡಪ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಗ್ಲೈಫೋಸೇಟ್ ಬರೀ ತಾಗಿದ ಎಲೆಯನ್ನು ಸುಡುವ ಔಷಧಿಯಲ್ಲ. ಹಸಿರು ಭಾಗದ ಮೂಲಕ ಒಳಗೆ ಇಳಿದು, ಎಲೆಯಲ್ಲಿ ತಯಾರಾದ ಆಹಾರ ಹರಿಯುವ ದಾರಿಯಲ್ಲೇ ಹರಿದು, ಚಿಗುರಿನ ತುದಿಗೂ ಬೇರಿನ ತುದಿಗೂ ಹೋಗಿ ಸೇರುತ್ತದೆ. ಅಲ್ಲಿ ಗಿಡಕ್ಕೆ ಅತ್ಯಗತ್ಯವಾದ ಕೆಲವು ಅಮೈನೋ ಆಮ್ಲಗಳನ್ನು ತಯಾರಿಸುವ ಕಿಣ್ವವನ್ನು ತಡೆಯುತ್ತದೆ. ಹತ್ತು ವರ್ಷದ ಗಿಡದ ಬುಡ ಕಂದು ತೊಗಟೆಯಿಂದ ಮುಚ್ಚಿರುತ್ತದೆ, ಎಲೆಗಳು ನೆಲದಿಂದ ಮೇಲಿರುತ್ತವೆ. ಬುಡಕ್ಕೆ ನಾಲ್ಕು ಹನಿ ಬಿದ್ದರೂ ಒಳಗೆ ಹೋಗುವ ದಾರಿ ಕಿರಿದು. ಎಳೆ ಸಸಿಯ ಕಾಂಡವೇ ಹಸಿರು, ಕೆಳಗಿನ ಎಲೆ ಕಳೆಯ ಎತ್ತರದಲ್ಲೇ ಇರುತ್ತದೆ. ಒಟ್ಟು ಎಲೆಗಳೇ ಬೆರಳೆಣಿಕೆಯಷ್ಟಿರುವಾಗ ಎರಡು ಎಲೆಗೆ ಬಿದ್ದ ಹನಿಯೂ ಇಡೀ ಗಿಡಕ್ಕೆ ದೊಡ್ಡ ಪ್ರಮಾಣವೇ. ಗ್ಲೈಫೋಸೇಟ್ ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಬೇರಿನ ಮೂಲಕ ಒಳಹೋಗುವುದು ಕಡಿಮೆ ಎಂಬ ಮಾತು ನಿಜ. ಆದರೆ ಸಸಿಗೆ ಅಪಾಯ ಬರುವುದು ನೆಲದಿಂದಲ್ಲ. ಗಾಳಿಗೆ ತೇಲಿ ಬರುವ ತುಂತುರಿನಿಂದ, ಬುಡಕ್ಕೆ ನೇರವಾಗಿ ತಾಗುವ ಹನಿಯಿಂದ.

ಇದು ಊಹೆಯ ಮಾತಲ್ಲ. ಬ್ರೆಜಿಲ್‌ನ ಸಂಶೋಧಕರು ಅರೇಬಿಕಾ ಸಸಿಗಳ ಮೇಲೆ ಗ್ಲೈಫೋಸೇಟನ್ನು ಪೂರ್ಣ ಪ್ರಮಾಣದ ಒಂದು ಸಣ್ಣ ಪಾಲಿನಷ್ಟು, ಅಂದರೆ ತೇಲಿ ಬಂದು ತಾಗಬಹುದಾದಷ್ಟೇ ಹಾಕಿ ನೋಡಿದ್ದಾರೆ. ಸಸಿಗಳು ಸಾಯಲಿಲ್ಲ, ಎಲೆ ಹಳದಿಯಾಗಿ ಕಿರಿದಾಯಿತು, ಬೆಳವಣಿಗೆ ಕುಂಠಿತವಾಯಿತು, ತಳಿಯಿಂದ ತಳಿಗೆ ಪೆಟ್ಟಿನಲ್ಲಿ ವ್ಯತ್ಯಾಸ ಕಂಡಿತು. ಹವಾಯಿ ವಿಶ್ವವಿದ್ಯಾಲಯ 2008ರಲ್ಲಿ ಕಾಫಿಗೆ ಗ್ಲೈಫೋಸೇಟಿನಿಂದ ಆಗುವ ಹಾನಿಯ ಬಗ್ಗೆಯೇ ಬೆಳೆಗಾರರಿಗಾಗಿ ಪ್ರತ್ಯೇಕ ಕೈಪಿಡಿ ಹೊರತಂದಿತು. ಪಟ್ಟಿಯಂತೆ ಸಪೂರವಾದ ಎಲೆ, ಮುದುಡಿದ ಚಿಗುರು, ಗಿಡ್ಡವಾದ ಗೆಣ್ಣು: ಹಾನಿಯ ಗುರುತುಗಳು ಇವು. ನಮ್ಮ ಬೆಳೆಗಾರ ಈ ಗುರುತುಗಳನ್ನು ಕಂಡರೆ ಏನೆನ್ನುತ್ತಾನೆ? ಸತುವಿನ ಕೊರತೆ ಎನ್ನುತ್ತಾನೆ, ಏಕೆಂದರೆ ಸತು ಕಡಿಮೆಯಾದ ಕಾಫಿಯ ಎಲೆಯೂ ಹೀಗೆಯೇ ಕಿರಿದಾಗುತ್ತದೆ. ತಾನೇ ಹೊಡೆಸಿದ ಔಷಧಿಯ ಪೆಟ್ಟಿಗೆ ಜಿಂಕ್ ಸಲ್ಫೇಟ್ ಸಿಂಪಡಿಸಿ, ಅದೂ ಫಲಿಸದಿದ್ದರೆ ಸಸಿ ಸರಿಯಿಲ್ಲ, ನರ್ಸರಿಯವನು ಮೋಸ ಮಾಡಿದ ಎಂದುಕೊಳ್ಳುತ್ತಾನೆ. ಕಳೆನಾಶಕದಿಂದ ನನ್ನ ಗಿಡಕ್ಕೇನೂ ಆಗಿಲ್ಲ ಎಂಬ ಮಾತು ತೋಟಗಳಲ್ಲಿ ಇಷ್ಟು ಧೈರ್ಯವಾಗಿ ಕೇಳಿಬರಲು ಇದೂ ಒಂದು ಕಾರಣ. ಸತ್ತ ಗಿಡ ಲೆಕ್ಕಕ್ಕೆ ಸಿಗುತ್ತದೆ. ಬೆಳವಣಿಗೆಯಲ್ಲಿ ಒಂದು ವರ್ಷ ಹಿಂದೆ ಬಿದ್ದ ಗಿಡ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಮೂರು–ನಾಲ್ಕು ವರ್ಷಕ್ಕೆ ಮೊದಲ ಫಸಲು ಕೊಟ್ಟು, ಮುಂದೆ ದಶಕಗಳ ಕಾಲ ನಿಲ್ಲಬೇಕಾದ ಗಿಡದ ಚೌಕಟ್ಟು ಕಟ್ಟಿಕೊಳ್ಳುವುದು ಈ ಮೊದಲ ವರ್ಷಗಳಲ್ಲೇ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಗುರವಾದದ್ದಲ್ಲ. ಕಳೆಯೇ ಸಸಿಗೆ ದೊಡ್ಡ ಶತ್ರು, ಔಷಧಿಯ ಪೆಟ್ಟಿಗಿಂತ ಕಳೆಯ ಪೆಟ್ಟು ಜೋರು ಎನ್ನುವವರಿದ್ದಾರೆ. ಕಳೆ ಸಸಿಯ ನೀರು, ಗೊಬ್ಬರ, ಬೆಳಕು ಮೂರನ್ನೂ ಕಸಿಯುತ್ತದೆ. ಕಳೆ ಬಿಟ್ಟರೆ ಸಸಿ ಏಳುವುದಿಲ್ಲ. ಆದರೆ ಈ ಪೈಪೋಟಿ ನಡೆಯುವುದು ಸಸಿಯ ಬುಡದ ಸುತ್ತ. ಔಷಧಿ ಹೊಡೆಯಲೇಬಾರದ ಜಾಗವೂ ಅದೇ. ಹಾಗಾಗಿ ಕಳೆನಾಶಕ ಬಳಸುವ ಎಚ್ಚರಿಕೆಯ ಬೆಳೆಗಾರನೂ ಬುಡದ ಕಳೆಯನ್ನು ಕೈಯಲ್ಲೇ ತೆಗೆಸಬೇಕು. ತೆಗೆಸದವನು ಸಸಿಗೇ ವಿಷ ಹಾಕುತ್ತಾನೆ. ನಾಜಲ್‌ಗೆ ಗುಮ್ಮಟ ಹಾಕಿ, ಗಾಳಿಯಿಲ್ಲದ ಹೊತ್ತು ನೋಡಿ ಹೊಡೆದರಾಯಿತು ಎಂಬ ಸಲಹೆ ಕಾಗದದ ಮೇಲೆ ಚೆನ್ನಾಗಿದೆ. ಇಳಿಜಾರಿನಲ್ಲಿ ಟ್ಯಾಂಕ್ ಹೊತ್ತು, ದಿನಕ್ಕಿಷ್ಟು ಎಕರೆ ಎಂಬ ಗುತ್ತಿಗೆಯಲ್ಲಿ ಹೊಡೆಯುವವನು ಪ್ರತಿ ಸಸಿಯ ಬಳಿ ನಿಂತು ಕೈ ತಗ್ಗಿಸುತ್ತಾನೆ ಎಂದು ನಂಬುವುದು ಕಷ್ಟ. ನೂರು ಸಲ ಸರಿಯಾಗಿ ಮಾಡಿ ಒಂದು ಸಲ ತಪ್ಪಿದರೂ ಆ ಸಸಿಯ ವರ್ಷ ಹೋಯಿತು.

ಎರಡನೆಯ ಆಕ್ಷೇಪ ಕೂಲಿಯದು. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೈಗೆಟಕುವುದಿಲ್ಲ, ಕಳೆ ತೆಗೆಸಲು ಹೊರಟರೆ ತೋಟವೇ ಮುಳುಗುತ್ತದೆ ಎನ್ನುತ್ತಾರೆ. ಆಳಿನ ಕೊರತೆ ನಿಜವಾದ ಸಂಕಟ, ಅದನ್ನು ಅಲ್ಲಗಳೆಯುವವನು ಮಲೆನಾಡನ್ನು ಕಂಡಿಲ್ಲ. ಆದರೆ ಲೆಕ್ಕ ಹಾಕಿ ನೋಡೋಣ. ಹತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 435 ರೊಬಸ್ಟಾ ಗಿಡ. ಪ್ರತಿ ಗಿಡದ ಸುತ್ತ ಎರಡಡಿ ದೂರದವರೆಗೆ ಕೈಗಳೆ ತೆಗೆದರೆ ಒಟ್ಟು ವಿಸ್ತೀರ್ಣ ಸುಮಾರು 5,500 ಚದರಡಿ, ಅಂದರೆ ಎಕರೆಯ ಎಂಟನೇ ಒಂದು ಭಾಗ. ಆರಡಿಗೊಂದರಂತೆ ನೆಟ್ಟ ಅರೇಬಿಕಾದಲ್ಲಿ ಇದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಉಳಿದ ನೆಲವನ್ನು ಬೋಳು ಮಾಡುವ ಅಗತ್ಯವೇ ಇಲ್ಲ. ವೀಡ್ ಕಟರ್‌ನಲ್ಲಿ ಸವರಿದರೆ ಸಾಕು. ಸವರಿದ ಹುಲ್ಲನ್ನು, ದರಗನ್ನು ಸಸಿಯ ಬುಡಕ್ಕೆ ಕಾಂಡ ಮುಟ್ಟದಂತೆ ಮುಚ್ಚಿದರೆ ಅದೇ ಮುಂದಿನ ಕಳೆಯನ್ನು ತಡೆಯುತ್ತದೆ, ಬೇಸಿಗೆಯಲ್ಲಿ ತೇವ ಹಿಡಿಯುತ್ತದೆ. ಬ್ರೆಜಿಲ್‌ನ ಅನೇಕ ತೋಟಗಳಲ್ಲಿ ಸಾಲಿನ ನಡುವೆ ಬ್ರಕಿಯೇರಿಯಾ ಹುಲ್ಲನ್ನು ಬೇಕೆಂದೇ ಬೆಳೆಸಿ, ಕತ್ತರಿಸಿ ಕಾಫಿಯ ಬುಡಕ್ಕೆ ಎಸೆಯುತ್ತಾರೆ. ಯಂತ್ರಗಳಿಗೆ ಹೆಸರಾದ ದೇಶ ಹುಲ್ಲನ್ನು ಉಳಿಸಿಕೊಳ್ಳುತ್ತಿದ್ದರೆ, ವರ್ಷಕ್ಕೆ ನೂರಾರು ಸೆಂಟಿಮೀಟರ್ ಮಳೆ ಬೀಳುವ ಇಳಿಜಾರಿನಲ್ಲಿ ನಾವು ಹುಲ್ಲಿನ ಬೇರನ್ನೂ ಸಾಯಿಸಿ ಮೇಲ್ಮಣ್ಣನ್ನು ಹಳ್ಳಕ್ಕೆ ಕಳಿಸುತ್ತಿದ್ದೇವೆ.

ಗ್ಲೈಫೋಸೇಟ್ ಬೇಡವಾದರೆ ಬೇರೆಯದು ಇದೆಯಲ್ಲ ಎಂಬ ವ್ಯಾಪಾರಿಯ ಮಾತಿಗೂ ಉತ್ತರ ಬೇಕು. ಪ್ಯಾರಾಕ್ವಾಟ್ ಒಳಗೆ ಹರಿಯುವುದಿಲ್ಲ, ತಾಗಿದ್ದನ್ನು ಸುಡುತ್ತದೆ. ಎಳೆ ಕಾಂಡದ ಹಸಿರು ಸಿಪ್ಪೆಗೆ ಆ ಸುಡುವಿಕೆಯೇ ಸಾಕು. ಅದನ್ನು ನುಂಗಿದವರಿಗೆ ಪ್ರತಿವಿಷವೇ ಇಲ್ಲ, ಯುರೋಪ್ 2007ರಲ್ಲೇ ಅದನ್ನು ಹೊರಗಿಟ್ಟಿತು. 2,4–ಡಿ ಅಗಲ ಎಲೆಯ ಕಳೆಗಳನ್ನು ಕೊಲ್ಲಲೆಂದೇ ಇರುವ ಔಷಧಿ. ಕಾಫಿಯೂ ಅಗಲ ಎಲೆಯ ಗಿಡವೇ. ಡಬ್ಬಿಯ ಹೆಸರು ಬದಲಾದರೆ ಎಳೆ ಗಿಡದ ಪಾಡು ಬದಲಾಗುವುದಿಲ್ಲ.

ಹಾಗಾದರೆ ಪೂರ್ತಿ ನಿಷೇಧಿಸಿಬಿಡಿ ಎನ್ನುವ ಪರಿಸರವಾದಿ ಗೆಳೆಯರ ಮಾತನ್ನೂ ನಾನು ಒಪ್ಪಲಾರೆ. ಶ್ರೀಲಂಕಾ 2015ರಲ್ಲಿ ಗ್ಲೈಫೋಸೇಟನ್ನು ನಿಷೇಧಿಸಿತು. ತೋಟದವರಿಗೆ ಬೇರೆ ದಾರಿ ಕಟ್ಟಿಕೊಡದೆ ಹೇರಿದ ನಿಷೇಧವನ್ನು 2018ರಲ್ಲಿ ಚಹಾ ಮತ್ತು ರಬ್ಬರ್‌ಗೆ ಸಡಿಲಿಸಬೇಕಾಯಿತು. ನಮ್ಮ 2022ರ ಆದೇಶದ ಕಥೆಯೂ ಹೆಚ್ಚು ಬೇರೆಯಲ್ಲ. ಪೇಟೆಯ ಮನೆಗಳಲ್ಲಿ ಗೆದ್ದಲು, ಜಿರಳೆ ಹೊಡೆಯಲು ಬರುವ ನಿರ್ವಾಹಕ ಸೋಮವಾರಪೇಟೆಯ, ಮೂಡಿಗೆರೆಯ ತೋಟಕ್ಕೆ ಬಂದು ಹುಲ್ಲಿಗೆ ಔಷಧಿ ಹೊಡೆಯುತ್ತಾನೆಂದು ಆದೇಶ ಬರೆದವರಾದರೂ ನಂಬಿದ್ದರೇ? ಇದಕ್ಕಿಂತ ದೊಡ್ಡ ವಿಪರ್ಯಾಸ ಲೇಬಲ್‌ನಲ್ಲಿದೆ. ಹೆಚ್ಚಾಗಿ ಮಾರಾಟವಾಗುವ ಶೇ 41ರ ಗ್ಲೈಫೋಸೇಟ್ ದ್ರಾವಣಕ್ಕೆ ನಮ್ಮ ದೇಶದಲ್ಲಿ ಒಪ್ಪಿಗೆ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ಕಾಫಿ ತೋಟ ಎರಡೂ ಅಲ್ಲ. ಆದರೂ ಅದು ಕಾಫಿ ಸೀಮೆಯ ಅಂಗಡಿಯಲ್ಲಿ ಸಿಗುತ್ತದೆ, ಎಷ್ಟು ಬೆರೆಸಬೇಕೆಂದು ಹೇಳುವವನು ಅಂಗಡಿಯವನೇ. ಬಿಗಿಯಾದ ಆದೇಶ ಪಾಲನೆಯಾಗದಿದ್ದರೆ ಬೆಳೆಗಾರ ಕಲಿಯುವುದು ಒಂದೇ ಪಾಠ: ಆದೇಶವೆಂದರೆ ಕಾಗದ. ಚಿಕ್ಕದಾದರೂ ಪಾಲಿಸಬಹುದಾದ, ಬೆಳೆಗಾರನಿಗೇ ಲಾಭ ಕಾಣುವ ನಿಯಮ ಅದಕ್ಕಿಂತ ಮೇಲು.

ಅಂಥ ನಿಯಮವನ್ನು ರೂಪಿಸಲು ಹೊಸ ಸಂಸ್ಥೆ ಬೇಕಿಲ್ಲ. ಕಾಫಿ ಮಂಡಳಿ 1942ರಿಂದ ಇದೆ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಇದೆ. ಮೂರು ವರ್ಷ ತುಂಬದ ತಾಕಿಗೆ ಯಾವ ಕಳೆನಾಶಕವೂ ಸಲ್ಲದೆಂದು ಮಂಡಳಿ ಒಂದೇ ಸಾಲಿನಲ್ಲಿ ಹೇಳಲಿ. ಮರುನಾಟಿಗೆ ಕೊಡುವ ಸಹಾಯಧನಕ್ಕೆ ಇದೇ ಷರತ್ತಾಗಲಿ, ಅದರ ಜೊತೆಗೆ ಸಣ್ಣ ಬೆಳೆಗಾರರು ಗುಂಪಾಗಿ ಬಳಸುವ ವೀಡ್ ಕಟರ್‌ಗೂ ಹಣ ಬರಲಿ. ಗ್ಲೈಫೋಸೇಟ್ ತಾಗಿದ ಗಿಡದ ಎಲೆಯಲ್ಲಿ ಶಿಕಿಮಿಕ್ ಆಮ್ಲ ಶೇಖರವಾಗುತ್ತದೆ; ಅದನ್ನೇ ಅಳೆದು ಹಾನಿಯನ್ನು ಗುರುತಿಸುವ ಪರಿಶೀಲನೆ ಅರೇಬಿಕಾ ಗಿಡಗಳ ಮೇಲೆ ಈಗಾಗಲೇ ನಡೆದಿದೆ. ನಮ್ಮ ಎಸ್. 795, ಚಂದ್ರಗಿರಿ, ಸಿ x ಆರ್ ತಳಿಗಳ ಸಸಿಗಳ ಮೇಲೂ ಅದು ನಡೆಯಲಿ, ಬೆಳೆಗಾರ ಎಲೆ ಕಳಿಸಿದರೆ ಸತುವಿನ ಕೊರತೆಯೋ ಔಷಧಿಯ ಪೆಟ್ಟೋ ಎಂದು ಹೇಳುವ ವ್ಯವಸ್ಥೆ ಬರಲಿ. ಮಾರುಕಟ್ಟೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ನಮ್ಮ ಕಾಫಿಯ ಬಹುಪಾಲು ಹೋಗುವುದು ಹೊರದೇಶಕ್ಕೆ, ಅದರಲ್ಲೂ ಇಟಲಿ ದೊಡ್ಡ ಗಿರಾಕಿ. ಗ್ಲೈಫೋಸೇಟ್ ಬಳಕೆಗೆ ಅನುಮತಿ ಕೊಟ್ಟ ಅದೇ ಯುರೋಪ್ ಕಾಫಿ ಬೀಜದಲ್ಲಿ ಕಿಲೋಗೆ 0.1 ಮಿಲಿಗ್ರಾಂಗಿಂತ ಹೆಚ್ಚಿನ ಉಳಿಕೆಯನ್ನು ಸಹಿಸುವುದಿಲ್ಲ. ಎಳೆ ತಾಕಿನಲ್ಲಿ ಕಳೆನಾಶಕ ಬಿಡುವ ಅಭ್ಯಾಸ ಬಲಿತ ತೋಟಕ್ಕೂ ಹಬ್ಬಿದರೆ ನಷ್ಟವೇನಿಲ್ಲ. ಮಂಡಳಿ ಮಾತಾಡುವವರೆಗೆ ಬೆಳೆಗಾರರು ಕಾಯಬೇಕಾಗಿಯೂ ಇಲ್ಲ. ಈ ಮಳೆಗೆ ಸಸಿ ನೆಡುವವರು ಗುಂಡಿಯ ಖರ್ಚು, ಗೊಬ್ಬರದ ಖರ್ಚಿನ ಪಕ್ಕದಲ್ಲೇ ಬುಡದ ಕೈಗಳೆಯ ಮೂರು ವರ್ಷದ ಖರ್ಚನ್ನೂ ಬರೆದುಕೊಳ್ಳಲಿ. ಅಷ್ಟು ಹಣ ಹೊಂದದಿದ್ದರೆ ನಾಲ್ಕು ಎಕರೆಯ ಬದಲು ಮೂರೇ ಎಕರೆ ನೆಡಲಿ.