ಮಗಳಿಗೆ ಮೊಬೈಲ್ ಸಾಕೇ, ಕಾಲೇಜು ಬೇಡವೇ?

ನಮ್ಮ ಮನೆಗಳಲ್ಲಿ ಹೊಸದೊಂದು ವಾದ ಬೇರೂರುತ್ತಿದೆ. ಮಗಳು ಪಿಯುಸಿ ಮುಗಿಸಿದೊಡನೆ, “ಈಗ ಎಲ್ಲವೂ ಆನ್‌ಲೈನ್. ಮನೆಯಲ್ಲೇ ಕುಳಿತು ಪದವಿ ಪಡೆಯಲಿ” ಎನ್ನಲಾಗುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸುಶಿಕ್ಷಿತರ ಬಾಯಲ್ಲೂ ಈ ಮಾತು ಕೇಳಿ ನಾವು ದಂಗಾಗಿದ್ದೇವೆ.

ತಂತ್ರಜ್ಞಾನವನ್ನು ದೂರುವುದು ನಮ್ಮ ಉದ್ದೇಶವಲ್ಲ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ವೇದಿಕೆಯಲ್ಲಿ ಐಐಟಿ ಪ್ರಾಧ್ಯಾಪಕರ ಪಾಠವನ್ನು ಶಿರೂರಿನ ವಿದ್ಯಾರ್ಥಿನಿ ಶುಲ್ಕವಿಲ್ಲದೆ ಕೇಳಬಹುದು. ಅರ್ಥವಾಗದಿದ್ದರೆ ಹತ್ತು ಬಾರಿ ಕೇಳಬಹುದು. ಇದು ಸಣ್ಣ ಅನುಗ್ರಹವಲ್ಲ. ಆದರೆ ಇಂತಹ ಕೋರ್ಸುಗಳಿಗೆ ಯುಜಿಸಿಯ 2021ರ ನಿಯಮ ಹಾಕಿದ ಮಿತಿ ಒಂದು ಸೆಮಿಸ್ಟರಿನಲ್ಲಿ ಶೇ. 40. ಉಳಿದದ್ದು ತರಗತಿಯ, ಪ್ರಯೋಗಾಲಯದ, ಗ್ರಂಥಾಲಯದ ಪಾಲು. ದೂರಶಿಕ್ಷಣವನ್ನೇ ನೆಚ್ಚುವವರು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪ್ರಕರಣವನ್ನು ಮರೆಯಬಾರದು. 2015ರಲ್ಲಿ ಯುಜಿಸಿ ಅದರ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಅತಂತ್ರರಾದವರು ಶುಲ್ಕ ಕಟ್ಟಿದ್ದ ವಿದ್ಯಾರ್ಥಿಗಳು.

2020ರ ಲಾಕ್‌ಡೌನ್ ಕಾಲವನ್ನೂ ನೆನೆಯೋಣ. ಒಂದೇ ಸ್ಮಾರ್ಟ್‌ಫೋನ್ ಇದ್ದ ಮನೆಯಲ್ಲಿ ಅದು ಮೊದಲು ಯಾರ ಕೈ ಸೇರಿತು? ಮಗನದೋ, ಮಗಳದೋ? ಪಾಠ ನಡೆಯುತ್ತಿದ್ದಾಗ ಅಡುಗೆಮನೆಯಿಂದ ಕರೆ ಬಂದದ್ದು ಯಾರಿಗೆ? ತರಗತಿಯಲ್ಲಿ ಕುಳಿತವಳನ್ನು ಹಾಗೆ ಎಬ್ಬಿಸಲು ಯಾರಿಗೂ ಸಾಧ್ಯವಿಲ್ಲ.

2022ರ ಆರಂಭದಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ, ಹಿಜಾಬ್ ತೆಗೆಯಲೊಪ್ಪದ ವಿದ್ಯಾರ್ಥಿನಿಯರು ಆನ್‌ಲೈನ್ ತರಗತಿಗೆ ಹಾಜರಾಗಲಿ ಎಂಬ ಸಲಹೆ ಬಂದಿತ್ತು. ಫೆಬ್ರವರಿಯಲ್ಲಿ ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ಗೇಟು ನಮ್ಮ ಮಕ್ಕಳ ಮುಖದೆದುರೇ ಮುಚ್ಚಿತು. ಅಂದು ನಾವೆಲ್ಲರೂ ಒಕ್ಕೊರಲಿನಿಂದ ಅದನ್ನು ಅನ್ಯಾಯವೆಂದೆವು. ತರಗತಿಯಲ್ಲಿ ಕುಳಿತು ಕಲಿಯುವುದು ನಮ್ಮ ಮಕ್ಕಳ ಹಕ್ಕು ಎಂದೆವು. ಇಂದು ಅದೇ ಗೇಟನ್ನು ಮನೆಯೊಳಗಿನಿಂದ ನಾವೇ ಮುಚ್ಚುವುದಾದರೆ ಅಂದಿನ ನಮ್ಮ ಆಕ್ರೋಶಕ್ಕೆ ಏನರ್ಥ?

ಸರಕಾರಕ್ಕೂ ಪರದೆಯ ಪಾಠ ಅನುಕೂಲಕರವೇ. ಸರಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ಎಷ್ಟು ಅವಲಂಬಿಸಿವೆಯೆಂಬುದು 2023ರ ನವೆಂಬರಿನಲ್ಲಿ ಅವರು ಮುಷ್ಕರ ಹೂಡಿದಾಗ ಬಯಲಾಯಿತು. ಮಕ್ಕಳನ್ನು ಕಾಲೇಜಿಗೇ ಕಳುಹಿಸದವರು ಖಾಯಂ ಉಪನ್ಯಾಸಕರ ನೇಮಕವಾಗಲಿ ಎಂದು ಯಾವ ಬಾಯಿಂದ ಕೇಳುವರು?

ದೂರ, ಖರ್ಚು ಎಂಬುದು ಕೆಲವರ ನಿಜವಾದ ಕಷ್ಟ. 2023ರ ಜೂನ್‌ನಲ್ಲಿ ಜಾರಿಯಾದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ಖಾಸಗಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ನಮ್ಮ ಕರಾವಳಿಯಲ್ಲಿ ಓಡುವ ಬಸ್ಸುಗಳು ಹೆಚ್ಚಾಗಿ ಖಾಸಗಿಯವೇ. ಕಾಲೇಜಿನ ವೇಳೆಗೆ ಸರಿಯಾಗಿ ಶಿರೂರು, ಬೈಂದೂರುಗಳಿಂದ ಕುಂದಾಪುರಕ್ಕೆ ಇನ್ನಷ್ಟು ಸರಕಾರಿ ಬಸ್ಸುಗಳು ಬೇಕೆಂದು ನಮ್ಮ ಎಷ್ಟು ಜಮಾಅತ್ ಕಮಿಟಿಗಳು ಮನವಿ ಸಲ್ಲಿಸಿವೆ?