ಬೆವರಿಗೂ ಒಂದು ಲೆಕ್ಕವಿದೆ

ಅರಸೀಕೆರೆ ತಾಲ್ಲೂಕಿನ ಜಾವಗಲ್ ಎಂದೊಡನೆ ಕೆಲವರಿಗೆ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ ನೆನಪಾದರೆ, ಬಹಳ ಮಂದಿಗೆ ನೆನಪಾಗುವುದು ಶ್ರೀನಾಥ್. ಹುಟ್ಟಿದ್ದು ಮೈಸೂರಿನಲ್ಲಾದರೂ ಈ ಊರಿನ ಹೆಸರನ್ನು ಕ್ರಿಕೆಟ್ ಲೋಕದ ಬಾಯಲ್ಲಿ ನಿಲ್ಲಿಸಿದವರು ಅವರೇ. 1996ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾ 105ಕ್ಕೆ ಉರುಳಿದಾಗ ಅವರು 21 ರನ್ನಿಗೆ 6 ವಿಕೆಟ್ ಕಿತ್ತಿದ್ದರು. ಚೆಂಡಿನ ವೇಗ ಎಲ್ಲರಿಗೂ ಕಂಡಿತು. ಹಾಗೆ ಓಡಿಬಂದು ಓವರಿನ ಮೇಲೆ ಓವರ್ ಎಸೆಯುವ ಮೈಯೊಳಗೆ ನಡೆಯುವ ಕೆಲಸ ಯಾರಿಗೂ ಕಾಣುವುದಿಲ್ಲ.

ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ದುಡಿಮೆಗೆ ಸಲ್ಲುತ್ತದೆ, ಮಿಕ್ಕದ್ದೆಲ್ಲ ಶಾಖ. ಮೈ ಇರಬೇಕಾದದ್ದು 37 ಡಿಗ್ರಿಯ ಆಸುಪಾಸಿನಲ್ಲಿ. 40 ದಾಟಿದರೆ ಜೀವಕ್ಕೇ ಅಪಾಯ. ಮಿದುಳಿನ ತಳದ ಹೈಪೊಥಾಲಮಸ್ ರಕ್ತದ ಬಿಸಿಯನ್ನು ಎಡೆಬಿಡದೆ ಗಮನಿಸುತ್ತಿರುತ್ತದೆ. ಬಿಸಿ ಏರಿತೆಂದರೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಒಸರುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಹೊರಟುಹೋಗುತ್ತದೆ. ಆವಿಯಾಗದೆ ತೊಟ್ಟಿಕ್ಕಿದ ಬೆವರಿನಿಂದ ಆ ಲಾಭವಿಲ್ಲ.

ಹೀಗೆ ನೀರು ಕಳೆದಾಗ ರಕ್ತದಲ್ಲಿ ಸೋಡಿಯಂ ಸಾಂದ್ರವಾಗುತ್ತದೆ. ಅದೇ ಹೈಪೊಥಾಲಮಸ್ ಬಾಯಾರಿಕೆ ಎಬ್ಬಿಸಿ, ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡಿಸುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುವ ಮೂತ್ರಪಿಂಡಗಳು ಆಗ ನೀರನ್ನು ಬಿಗಿಹಿಡಿಯುತ್ತವೆ. ಮೂತ್ರದ ಬಣ್ಣ ಗಾಢವಾಗುವುದು ಅದಕ್ಕೇ. ಶ್ರೀನಾಥ್ ಓದಿದ್ದು ಇನ್‌ಸ್ಟ್ರುಮೆಂಟೇಷನ್ ಎಂಜಿನಿಯರಿಂಗ್. ಆ ವಿದ್ಯೆಯ ಯಂತ್ರಗಳಂತೆ ದೇಹವೂ ಅಳೆಯುತ್ತದೆ, ತಿದ್ದುತ್ತದೆ, ಮತ್ತೆ ಅಳೆಯುತ್ತದೆ. ಈ ಒಳಸ್ಥಿರತೆಯೇ ಸ್ವತಂತ್ರ ಬದುಕಿಗೆ ಆಧಾರವೆಂದು 19ನೆಯ ಶತಮಾನದಲ್ಲೇ ಕಂಡವರು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್. 1926ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಅದನ್ನು ಹೋಮಿಯೊಸ್ಟ್ಯಾಸಿಸ್ ಎಂದು ಕರೆದರು. ಈ ಸ್ಥಿರತೆ ಪುಕ್ಕಟೆಯಾಗಿ ಬಂದದ್ದಲ್ಲ. ನೀರು, ಉಪ್ಪು ತೆತ್ತು ದೇಹ ಅದನ್ನು ಗಳಿಗೆಗಳಿಗೆಗೂ ದುಡಿದುಕೊಳ್ಳುತ್ತದೆ.

ಏಪ್ರಿಲ್ ಬಿಸಿಲಿನಲ್ಲಿ ತೆಂಗಿನ ತೋಟದಲ್ಲಿ ಗುಂಡಿ ತೋಡುವವರ, ಕಾಯಿ ಸುಲಿಯುವವರ ಮೈಯೂ ಇದನ್ನೇ ಮಾಡುತ್ತದೆ. ಬೌಲರಿಗೆ ನೀರಿನ ವಿರಾಮ ಆಟದ ನಿಯಮದಲ್ಲೇ ಇದೆ. ಕೂಲಿಯವರಿಗೆ ಅದು ಯಜಮಾನನ ಮನಸ್ಸಿಗೆ ಬಿಟ್ಟದ್ದು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ದಿನವಿಡೀ ಬೆವರಿದವರಿಗೆ ಉಪ್ಪು ಬೆರೆಸಿದ ಮಜ್ಜಿಗೆ ಬೇಕು. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. ಹಾಗಾಗಿ ಹೊಸಬರಿಗೆ ಮೊದಲ ದಿನಗಳಲ್ಲಿ ಕೆಲಸ ಕಡಿಮೆಯಿರಲಿ. ದುಡಿಯುತ್ತಿದ್ದವರ ಮಾತು ತೊದಲಿದರೆ, ಮಂಕು ಕವಿದರೆ ಕೂಡಲೇ ನೆರಳಿಗೆ ತಂದು ಮೈಗೆ ತಣ್ಣೀರು ಸುರಿದು ಗಾಳಿ ಬೀಸಬೇಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದೇಹ ತನ್ನ ಪಾಲಿನ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತದೆ. ನೀರು, ಉಪ್ಪು, ನೆರಳು ಒದಗಿಸುವುದು ನಮ್ಮ ಪಾಲಿನದು. ಕೂಲಿ ಎಷ್ಟು ಎಂಬ ಮಾತು ನಡೆಯುವಾಗಲೇ ವಿರಾಮ ಯಾವಾಗ ಎಂಬ ಮಾತೂ ಇತ್ಯರ್ಥವಾಗಲಿ.